ಶೇಂಗಾ ಗೊಜ್ಜಿನಲ್ಲಿ ಬೇಯಿಸಿದ ಪಾಸ್ತಾ, ಮೇಲೆ ನಮ್ಮೂರ ಮಂಡಕ್ಕಿ

ಹೋದ ಭಾನುವಾರ ಚಳ್ಳಕೆರೆಯಿಂದ ಬಂದ ಅವ್ವ ಎಂದಿನಂತೆ ಒಂದು ಚೀಲ ಶೇಂಗಾ ತಂದಿದ್ದಳು. ಚಟ್ನಿಪುಡಿಗೆ ಬೇಕಾದಷ್ಟನ್ನು ಎತ್ತಿಟ್ಟು, ಒಂದು ದೊಡ್ಡ ಬಟ್ಟಲು ಬೀಜವನ್ನು ಬೇರೆ ತೆಗೆದೆ. ಪಾಸ್ತಾಕ್ಕೆ ಎಂದಾಗ ಅವ್ವ ನನ್ನ ಮುಖವನ್ನೇ ನೋಡಿದಳು. “ಅದಕ್ಕೂ ಶೇಂಗಾ ಹಾಕುತ್ತಾರೇನವ್ವಾ?”

ಹಾಕುತ್ತಾರೆ. ಅದನ್ನು ನನಗೆ ಕಲಿಸಿದ್ದು ಕೌಲಾಲಂಪುರದ ಪಕ್ಕದ ಮನೆಯವರು. ಯಜಮಾನರ ಕೆಲಸದ ಮೇಲೆ ಎರಡು ವರ್ಷ ಅಲ್ಲಿದ್ದೆವು. ಅವರನ್ನು ನಾನು ‘ಕಕಾಕ್’ ಎಂದೇ ಕರೆಯುತ್ತಿದ್ದೆ. ಮಲಯ ಭಾಷೆಯಲ್ಲಿ ಅಕ್ಕ ಎಂದರ್ಥ. ಹಬ್ಬ ಬಂತೆಂದರೆ ಅವರ ಮನೆಯಲ್ಲಿ ‘ಮಕರೋನಿ ಬಕಾರ್’ ತಯಾರಾಗುತ್ತಿತ್ತು. ಮೊಟ್ಟೆ, ಕೊಚ್ಚಿದ ಮಾಂಸ ಸೇರಿಸಿ ಓವನ್‌ನಲ್ಲಿ ಬೇಯಿಸಿದ ಮಕರೋನಿ. ಇಂಡೋನೇಷ್ಯಾದಲ್ಲಿ ಇಂಥದ್ದಕ್ಕೆ ‘ಮಕರೋನಿ ಸ್ಕೋಟೆಲ್’ ಎನ್ನುತ್ತಾರೆ. ಸ್ಕೋಟೆಲ್ ಡಚ್ಚರು ಬಿಟ್ಟುಹೋದ ಮಾತು, ತಟ್ಟೆ ಎಂಬ ಅರ್ಥದ್ದು. ನಾವು ಮಾಂಸ ತಿನ್ನುವುದಿಲ್ಲವೆಂದು ಕಕಾಕ್ ಒಂದು ಹಬ್ಬಕ್ಕೆ ನಮಗಾಗಿಯೇ ಬೇರೆ ತಟ್ಟೆ ಮಾಡಿದರು. ಸಾತೆ ಎಂಬ, ಕಡ್ಡಿಗೆ ಚುಚ್ಚಿ ಸುಟ್ಟ ಮಾಂಸದ ಜೊತೆ ಕೊಡುವ ಶೇಂಗಾ ಗೊಜ್ಜನ್ನು ಒಣ ಸಿಗಡಿ ಮುಟ್ಟಿಸದೆ ಕಾಯಿಸಿ, ಅದರಲ್ಲಿ ಪಾಸ್ತಾ ಕಲಸಿ ಬೇಯಿಸಿದ್ದರು. ಆ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತಿದ್ದ ಅವರ ಮುಖ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಶೇಂಗಾಕ್ಕೆ ಅವರು ಹೇಳುವ ಹೆಸರು ‘ಕಚಾಂಗ್ ತಾನಾ’: ಕಚಾಂಗ್ ಎಂದರೆ ಕಾಳು, ತಾನಾ ಎಂದರೆ ಮಣ್ಣು. ನಮ್ಮ ನೆಲಗಡಲೆಯೇ!

ದಾವಣಗೆರೆಯಲ್ಲಿ ಇದನ್ನು ಮಾಡಲು ಹೊರಟಾಗ ತಲೆನೋವಾಗಿದ್ದು ಆ ಗೊಜ್ಜಿಗೆ ಬೇಕಾದ ‘ಲೆಂಗ್ಕುವಾಸ್’ ಎಂಬ ಗೆಡ್ಡೆ. ನೋಡಲು ಶುಂಠಿಯಂತೆ, ವಾಸನೆ ಮಾತ್ರ ಬೇರೆ. ಸೂಪರ್ ಮಾರ್ಕೆಟ್‌ಗಳಲ್ಲೆಲ್ಲ ಹುಡುಕಿ, ಕೊನೆಗೆ ಅದು ಸಿಕ್ಕಿದ್ದು ಗ್ರಂಥಿಗೆ ಅಂಗಡಿಯಲ್ಲಿ, ನಾವು ಬಾಣಂತಿಯರ ಕಷಾಯಕ್ಕೆ ತರುವ ದುಂಪರಾಸ್ಮೆಯ ರೂಪದಲ್ಲಿ. ಒಣಗಿದ ತುಂಡು ಕಟ್ಟಿಗೆಯಷ್ಟು ಗಟ್ಟಿ. ರಾತ್ರಿಯೇ ನೆನೆಹಾಕಿ, ಬೆಳಿಗ್ಗೆ ತೆಳ್ಳಗೆ ಹೆಚ್ಚಿಕೊಳ್ಳಬೇಕು. ಅರ್ಧ ಇಂಚು ಸಾಕು, ಹೆಚ್ಚಾದರೆ ಔಷಧಿಯ ರುಚಿ ಬರುತ್ತದೆ. ನಿಂಬೆಹುಲ್ಲು ಮಹಡಿಯ ಕುಂಡದಲ್ಲೇ ಇದೆ.

ಶೇಂಗಾ ಹುರಿಯಲು ಅವಸರ ಮಾಡಬೇಡಿ. 150 ಗ್ರಾಂ ಬೀಜಕ್ಕೆ ಸಣ್ಣ ಉರಿಯಲ್ಲಿ ಹದಿನೈದು ನಿಮಿಷವಾದರೂ ಬೇಕು. ಮೊದಲು ಹಸಿ ವಾಸನೆ ಹೋಗುತ್ತದೆ, ಆಮೇಲೆ ಸಿಪ್ಪೆ ಅಲ್ಲಲ್ಲಿ ಸಿಡಿದು ಕಪ್ಪು ಚುಕ್ಕೆ ಬೀಳುತ್ತದೆ. ಒಂದು ಬೀಜವನ್ನು ಬೆರಳಲ್ಲಿ ಒತ್ತಿ ಎರಡು ಬೇಳೆ ಮಾಡಿ ನೋಡಿದರೆ ಒಳಗೆ ನಸುಗೆಂಪು ಬಣ್ಣ ತಿರುಗಿರಬೇಕು. ಬಾಂಡ್ಲಿಯ ಮುಂದೆ ನಿಂತಾಗ ಬರುವ ಆ ಪರಿಮಳ ನನ್ನನ್ನು ನೇರವಾಗಿ ಚಳ್ಳಕೆರೆಗೆ, ಎಣ್ಣೆ ಗಿರಣಿಗಳ ಬೀದಿಯಲ್ಲಿ ಶಾಲೆಗೆ ನಡೆದುಹೋಗುತ್ತಿದ್ದ ದಿನಗಳಿಗೆ ಒಯ್ಯುತ್ತದೆ. ಅವ್ವ ಬೀಜವನ್ನು ಅಂಗೈಯಲ್ಲಿ ತಿಕ್ಕಿ, ಮೊರದಲ್ಲಿ ಕೇರಿ ಸಿಪ್ಪೆ ಹಾರಿಸಿದಳು. ತರಿತರಿಯಾಗಿ ಕುಟ್ಟಿಯೂ ಕೊಟ್ಟಳು. ಮಿಕ್ಸಿಯಲ್ಲಾದರೆ ಕ್ಷಣದಲ್ಲಿ ಜಿಡ್ಡು ಬಿಟ್ಟು ಮುದ್ದೆಯಾಗುತ್ತದೆ, ಬಿಟ್ಟು ಬಿಟ್ಟು ತಿರುಗಿಸಿ.

ಎಂಟು ಬ್ಯಾಡಗಿ ಮೆಣಸಿನಕಾಯಿ ನೆನೆಸಿ, ಹತ್ತು ಸಾಂಬಾರ್ ಈರುಳ್ಳಿ, ಆರು ಎಸಳು ಬೆಳ್ಳುಳ್ಳಿ, ದುಂಪರಾಸ್ಮೆ, ಎರಡು ನಿಂಬೆಹುಲ್ಲಿನ ಬುಡದ ಬಿಳಿಭಾಗ ಸೇರಿಸಿ ನುಣ್ಣಗೆ ರುಬ್ಬಿ. ಇದನ್ನು ನಾಲ್ಕು ಚಮಚ ಶೇಂಗಾ ಎಣ್ಣೆಯಲ್ಲಿ ಹುರಿಯುತ್ತಾ ಹೋದರೆ ಮಸಾಲೆ ಗಾಢ ಕೆಂಪಾಗಿ, ಅಂಚಿನಲ್ಲಿ ಎಣ್ಣೆ ಬೇರೆಯಾಗಿ ನಿಲ್ಲುತ್ತದೆ. ಮಲಯದಲ್ಲಿ ಇದಕ್ಕೆ ‘ಪೆಚಾ ಮಿನ್ಯಾಕ್’ ಎಂಬ ಹೆಸರೇ ಇದೆ, ಎಣ್ಣೆ ಒಡೆಯುವುದು ಎಂದು. ನಾವು ‘ಎಣ್ಣೆ ಬಿಡುವ ತನಕ’ ಎನ್ನುವುದಿಲ್ಲವೇ, ಅದೇ ಹದ.

ಎಣ್ಣೆ ಒಡೆಯಬೇಕಾದದ್ದು ಇಲ್ಲಿ ಮಾತ್ರ. ಮೊದಲ ಸಲ ನಾನು ತೆಂಗಿನ ಹಾಲು ಹಾಕಿದ ಮೇಲೂ ಜೋರಾಗಿ ಕುದಿಸಿದ್ದೆ. ಹಾಲು ಒಡೆಯಿತು, ಶೇಂಗಾದ ಜಿಡ್ಡೂ ಮೇಲೆದ್ದಿತು, ಓವನ್‌ನಿಂದ ಹೊರಬಂದ ತಟ್ಟೆಯಲ್ಲಿ ಒಂದು ಪದರ ಎಣ್ಣೆ ತೇಲುತ್ತಿತ್ತು. ಅಷ್ಟು ಸಾಮಾನು ಹಾಳಾಯಿತಲ್ಲಾ ಎಂದು ತುಂಬಾ ನೊಂದುಕೊಂಡೆ. ಈಗ ಮಸಾಲೆಗೆ ಎರಡು ಲೋಟ ತೆಳು ತೆಂಗಿನ ಹಾಲು, ಕುಟ್ಟಿದ ಶೇಂಗಾ, ಸ್ವಲ್ಪ ಹುಣಸೆರಸ, ಎರಡು ಚಮಚ ಬೆಲ್ಲ, ಒಂದು ಚಮಚ ಸೋಯಾ ಸಾಸ್ ಮತ್ತು ರುಚಿಗೆ ಉಪ್ಪು ಹಾಕಿ ಸಣ್ಣ ಉರಿಯಲ್ಲಿ ಕಾಯಿಸುತ್ತೇನೆ. ಪಾಸ್ತಾ ಬೆಂದ ನೀರನ್ನು ಒಂದು ಲೋಟ ಸೇರಿಸುತ್ತೇನೆ. ಅದರಲ್ಲಿರುವ ಗಂಜಿ ಜಿಡ್ಡನ್ನು ಹಿಡಿದಿಡುತ್ತದೆ. ಗಟ್ಟಿ ಹಾಲು ಒಂದು ಲೋಟ, ಒಲೆ ಆರಿಸಿದ ಮೇಲೆ. ಗೊಜ್ಜು ಮಜ್ಜಿಗೆಹುಳಿಯಷ್ಟು ತೆಳ್ಳಗಿರಲಿ, ಪಾಸ್ತಾವೂ ಶೇಂಗಾವೂ ಬಹಳ ನೀರು ಕುಡಿಯುತ್ತವೆ.

300 ಗ್ರಾಂ ಪೆನ್ನೆ ಪಾಸ್ತಾವನ್ನು ಪೊಟ್ಟಣದ ಮೇಲೆ ಹೇಳಿದ್ದಕ್ಕಿಂತ ಎರಡು ನಿಮಿಷ ಮೊದಲೇ ಇಳಿಸಿ, ಅರೆಬೆಂದ ಬೀನ್ಸ್, ಗಜ್ಜರಿಯೊಂದಿಗೆ ಗೊಜ್ಜಿನಲ್ಲಿ ಕಲಸಿ, ತಟ್ಟೆಗೆ ಸುರಿದು ಮೇಲೆ ಒಂದು ಹಿಡಿ ಚೀಸ್ ಉದುರಿಸಿ. ಹೆಚ್ಚು ಚೀಸ್ ಹಾಕಿದರೆ ಶೇಂಗಾ ಸೋಲುತ್ತದೆ, ನನಗಂತೂ ಅದು ಒಪ್ಪಿಗೆಯಿಲ್ಲ. 190 ಡಿಗ್ರಿಯಲ್ಲಿ ಇಪ್ಪತ್ತು ನಿಮಿಷ.

ಬ್ರೆಡ್ ಪುಡಿ ಉದುರಿಸುವ ಜಾಗದಲ್ಲಿ ನಾನು ಹಾಕುವುದು ಮಂಡಕ್ಕಿ. ಈ ಊರಿನಲ್ಲಿದ್ದು ಮಂಡಕ್ಕಿ ಬಿಟ್ಟು ಬ್ರೆಡ್ ಪುಡಿ ಕೊಳ್ಳಲು ಮನಸ್ಸು ಬರುವುದಿಲ್ಲ. ಎರಡು ಹಿಡಿ ಗರಿಗರಿ ಮಂಡಕ್ಕಿಯನ್ನು ಕೈಯಲ್ಲೇ ಪುಡಿಮಾಡಿ, ಕರಗಿದ ಬೆಣ್ಣೆಯಲ್ಲಿ ಹೊರಳಿಸಿ ಕೊನೆಯ ಎಂಟು ನಿಮಿಷಕ್ಕೆ ಮೇಲೆ ಹರಡಿ. ಮೊದಲೇ ಹಾಕಿದರೆ ಸೀದುಹೋಗುತ್ತದೆ. ತಿನ್ನುವಾಗ ನಿಂಬೆಹಣ್ಣು ಹಿಂಡಿಕೊಳ್ಳಿ.

ಅವ್ವ ಮೊದಲ ತುತ್ತಿಗೆ ಏನೂ ಹೇಳಲಿಲ್ಲ. ಎರಡನೆಯ ಸಲ ಬಡಿಸಲು ಹೋದಾಗ ತಟ್ಟೆಯ ಮೂಲೆ ತೋರಿಸಿ, “ಆ ಕೆಂಪಗಾದದ್ದನ್ನು ಹಾಕು” ಎಂದಳು. ನಾನು ಚಮಚದಿಂದ ಕೆರೆದು ಹಾಕಿದೆ. ಸ್ವಲ್ಪ ಹೊತ್ತು ಅಗಿದು ಕೇಳಿದಳು: “ನಿನ್ನ ಆ ಅಕ್ಕನ ಊರಿನಲ್ಲಿ ಮಳೆ ಹೇಗೆ? ಶೇಂಗಾಕ್ಕೆ ನೀರು ನಿಲ್ಲಬಾರದು, ಕಾಯಿ ಕೊಳೆಯುತ್ತದೆ.”