ಆ ನಡುಕ ಮಾತ್ರ ತೆಗೀಬೇಡ

"ಏನು ಬೇಕಾದ್ರೂ ಮಾಡಪ್ಪ. ಆ ನಡುಕ ಮಾತ್ರ ತೆಗೀಬೇಡ."

ನುಡಿಸಿದ ದನಿಯನ್ನು ಟೇಪಿಗೆ ಹಿಡಿದು ಚೂರು ತಡವಾಗಿ ಮತ್ತೆ ಕೇಳಿಸುವ ಹಳೇ ಟೇಪ್ ಎಕೋ ಯಂತ್ರವನ್ನು ನನ್ನ ಮೇಜಿನ ಮೇಲಿಟ್ಟು ಅವರು ಹೇಳಿದ್ದು ಇಷ್ಟೇ. ಈ ವಾರವಿಡೀ ಆ ಮಾತು ತಲೆಯಿಂದ ಹೋಗಿಲ್ಲ. ರಿಪೇರಿ ಮಾಡುವವನ ಕಣ್ಣಿಗೆ ನಡುಕ ಅಂದರೆ ದೋಷ. ಅದನ್ನು ತೆಗೆಯುವುದಕ್ಕೇ ತಾನೇ ನಮ್ಮ ಹತ್ತಿರ ತರುವುದು? ನನಗೆ ಸ್ವಲ್ಪ ಬೇಜಾರಾಯಿತು. ಆದರೆ ಅವರು ವರ್ಷಗಟ್ಟಲೆ ಇದೇ ಯಂತ್ರಕ್ಕೆ ಗಿಟಾರ್ ಸಿಕ್ಕಿಸಿ ನುಡಿಸಿದವರು. "ಆಯ್ತು ಸರ್" ಅಂದೆ.

1974ರಲ್ಲಿ ಬಂದ ರೋಲ್ಯಾಂಡ್ ಆರ್‌ಇ-201 ಸ್ಪೇಸ್ ಎಕೋ ಇದೆಯಲ್ಲ, ಇದೂ ಆ ಜಾತಿಯದೇ. ಇದರಲ್ಲಿ ರೀಲ್ ಇಲ್ಲ. ತುದಿಗೆ ತುದಿ ಅಂಟಿಸಿದ ಒಂದೇ ಟೇಪು ಮುಚ್ಚಳದ ಕೆಳಗೆ ಸಡಿಲವಾಗಿ ಮಡಚಿಕೊಂಡು ಬಿದ್ದಿರುತ್ತದೆ, ಹಾಗೇ ಹರಿದಾಡುತ್ತದೆ. ಅದರ ದಾರಿಯಲ್ಲಿ ಮೊದಲು ಹಳೆಯದನ್ನು ಅಳಿಸುವ ಹೆಡ್, ಆಮೇಲೆ ದನಿಯನ್ನು ಟೇಪಿಗೆ ಬರೆಯುವ ರೆಕಾರ್ಡ್ ಹೆಡ್, ಆಮೇಲೆ ಅದನ್ನು ಓದಿ ಕೇಳಿಸುವ ಮೂರು ಪ್ಲೇಬ್ಯಾಕ್ ಹೆಡ್ ಸಾಲಾಗಿ. ರೆಕಾರ್ಡ್ ಆದ ದನಿ ಮುಂದಿನ ಹೆಡ್ ತಲುಪಲು ಎಷ್ಟು ಹೊತ್ತು ಬೇಕೋ ಅಷ್ಟು ತಡವಾಗಿ ಎಕೋ ಕೇಳುತ್ತದೆ. ಟೇಪು ಸೆಕೆಂಡಿಗೆ 19 ಸೆಂಟಿಮೀಟರ್ ಓಡುತ್ತಿದ್ದು, ಎರಡು ಹೆಡ್‌ಗಳ ನಡುವೆ 5 ಸೆಂಟಿಮೀಟರ್ ಇದ್ದರೆ, ಕಾಲು ಸೆಕೆಂಡಿಗಿಂತ ಒಂದು ಕೂದಲೆಳೆ ಜಾಸ್ತಿ. ಓಟ ಚೂರು ಹೆಚ್ಚುಕಡಿಮೆಯಾದರೂ ಶ್ರುತಿ ಅಲುಗುತ್ತದೆ. ಅವರು ನಡುಕ ಅಂದದ್ದು ಇದನ್ನು.

ಬಂದಾಗ ಗಿಟಾರಿನ ನೇರ ದನಿ ಚೆನ್ನಾಗಿತ್ತು. ಎಕೋ ಮಾತ್ರ ಕಂಬಳಿ ಹೊದ್ದು ಮಾತಾಡಿದ ಹಾಗೆ. ಮೂರನೇ ಹೆಡ್ ಅಂತೂ ಸತ್ತೇ ಹೋಗಿದೆ ಅನ್ನಿಸಿತು. ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಹತ್ತಿಯಿಂದ ಹೆಡ್‌ಗಳನ್ನು ಒರೆಸಿದೆ. ಹತ್ತಿ ಕಂದು ಬಣ್ಣಕ್ಕೆ ತಿರುಗಿತು. ಟೇಪಿನ ಮೇಲಿನ ಆಕ್ಸೈಡ್ ಪುಡಿ ಅದು. ಐದಾರು ಸಲ ಒರೆಸಿ, ಹೆಡ್‌ಗಳಲ್ಲಿ ಉಳಿದುಕೊಂಡ ಕಾಂತತ್ವವನ್ನು ತೆಗೆದ ಮೇಲೆ ಮೂರೂ ಹೆಡ್ ಮಾತಾಡಿದವು.

ಆದರೆ ಒಂದು ವಿಚಿತ್ರ. ಎಕೋ ಎಷ್ಟು ಸಲ ಮರುಕಳಿಸಬೇಕು ಅನ್ನುವುದರ ನಾಬ್ ಅನ್ನು ಪೂರ್ತಿ ಸೊನ್ನೆಗೆ ತಿರುಗಿಸಿದ್ದೆ. ಎಕೋ ಒಂದು ಸಲ ಬಂದು ನಿಲ್ಲಬೇಕು. ನಿಂತಿತು. ನಾನು ಸುಮ್ನೆ ಕೂತಿದ್ದೆ. ಟೇಪು ಒಂದು ಸುತ್ತು ಮುಗಿಸಿ ಬಂದಾಗ ಅದೇ ಸ್ವರ ಮೆಲ್ಲಗೆ ಮತ್ತೆ ಕೇಳಿತು. ಅಂದರೆ ಹಳೆಯದು ಅಳಿಯುತ್ತಿಲ್ಲ. ಅಳಿಸುವ ಹೆಡ್‌ಗೂ ರೆಕಾರ್ಡ್ ಹೆಡ್‌ಗೂ ಹೈ ಫ್ರೀಕ್ವೆನ್ಸಿ ಕರೆಂಟ್ ಕೊಡುವುದು ಒಂದೇ ಆಸಿಲೇಟರ್. ಅದು ಸೊರಗಿದ್ದರೆ ರೆಕಾರ್ಡಿಂಗೂ ಒಡಕಾಗಬೇಕಿತ್ತು. ರೆಕಾರ್ಡಿಂಗ್ ಶುದ್ಧವಾಗಿತ್ತು. ಹಾಗಾಗಿ ನೇರ ಅಳಿಸುವ ಹೆಡ್‌ನ ವೈರ್ ನೋಡಿದೆ. ಸೋಲ್ಡರ್ ಬಿರುಕು ಬಿಟ್ಟಿತ್ತು. ಎರಡು ನಿಮಿಷದ ಕೆಲಸ.

ಇನ್ನು ಉಳಿದದ್ದು ನಡುಕ.

ಒಂದೇ ಸಮನೆ ನುಡಿಯುವ ಸ್ವರವೊಂದನ್ನು ಯಂತ್ರಕ್ಕೆ ಕೊಟ್ಟು ತುಂಬಾ ಹೊತ್ತು ಕೇಳಿದೆ. ಕೇಳುತ್ತಾ ಹೋದ ಹಾಗೆ ಅಲ್ಲಿ ಎರಡು ನಡುಕ ಇವೆ ಅನ್ನುವುದು ಗೊತ್ತಾಯಿತು. ಒಂದು ನಿಧಾನದ್ದು, ತೊಟ್ಟಿಲು ತೂಗಿದ ಹಾಗೆ. ಇನ್ನೊಂದು ಇದ್ದಕ್ಕಿದ್ದಂತೆ ಎಡವುವುದು. ಎಡವಿದಾಗಲೆಲ್ಲ ಟೇಪು ರಬ್ಬರ್ ರೋಲರ್ ಹತ್ತಿರ ಜಾರುತ್ತಿತ್ತು. ರೋಲರ್ ಬಿಚ್ಚಿ ನೋಡಿದರೆ ಮೈಯೆಲ್ಲ ಗಾಜಿನ ಹಾಗೆ ಹೊಳಪು, ಮುಟ್ಟಿದರೆ ಜಿಡ್ಡು. ಯಾರೋ ಪುಣ್ಯಾತ್ಮರು ಧಾರಾಳವಾಗಿ ಎಣ್ಣೆ ಬಿಟ್ಟಿದ್ದಾರೆ. ಓಡುವ ವಸ್ತುವಿಗೆಲ್ಲ ಎಣ್ಣೆ ಬಿಡುವವರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ. ಟೇಪನ್ನು ಎಳೆಯುವುದೇ ಆ ರಬ್ಬರಿನ ಹಿಡಿತ. ಅದಕ್ಕೆ ಎಣ್ಣೆ ತಾಗಿದರೆ ಹಿಡಿತ ಎಲ್ಲಿಂದ ಬರಬೇಕು?

ಹೊಸ ರೋಲರ್ ಹಾಕಿದೆ. ಟೇಪೂ ಸವೆದಿತ್ತು, ಅದನ್ನೂ ಬದಲಿಸಿದೆ. ಎಡವುವುದು ನಿಂತಿತು. ತೂಗುವುದು ಉಳಿಯಿತು. ಮೋಟಾರ್ ಬಿಚ್ಚಿ ಕೂತರೆ ಅದನ್ನೂ ಇನ್ನಷ್ಟು ಇಳಿಸಬಹುದಿತ್ತು. ಕೈ ಸ್ಕ್ರೂಡ್ರೈವರ್ ಕಡೆಗೂ ಹೋಯಿತು. ಆ ನಡುಕ ಮಾತ್ರ ತೆಗೀಬೇಡ. ಕೈ ವಾಪಸ್ ತಗೊಂಡೆ.

ಯಾವುದು ಕಾಯಿಲೆ, ಯಾವುದು ಗುಣ ಅಂತ ಮೀಟರ್ ಹೇಳುವುದಿಲ್ಲ. ಆ ಕಾಲದ ಎಂಜಿನಿಯರ್‌ಗಳು ಈ ಅಲುಗಾಟವನ್ನು ಕಮ್ಮಿ ಮಾಡಲು ಒದ್ದಾಡಿದರು. ಇವತ್ತು ಟೇಪೇ ಇಲ್ಲದ ಡಿಜಿಟಲ್ ಎಕೋಗಳಲ್ಲಿ ಅದೇ ಅಲುಗಾಟ ತರಿಸಲು ಬೇರೆ ನಾಬ್ ಕೊಡುತ್ತಾರೆ. ವಯಸ್ಸಾದ ಗಾಯಕರ ದನಿಯೂ ನಡುಗುತ್ತದೆ. ಅದರಲ್ಲಿ ಉಸಿರು ಸಾಲದೆ ಬಂದದ್ದು ಎಷ್ಟು, ಹಾಡಿ ಹಾಡಿ ಗಂಟಲಿಗೆ ಒಗ್ಗಿದ್ದು ಎಷ್ಟು? ಬೇರೆ ಮಾಡಬೇಕಾದರೆ ಆ ದನಿಯ ಜೊತೆ ಬದುಕಿರಬೇಕು. ನನ್ನ ಹತ್ತಿರ ಆ ಯಂತ್ರ ಇದ್ದದ್ದು ನಾಲ್ಕು ದಿನ.

ನಿನ್ನೆ ಅವರು ಬಂದು ನುಡಿಸಿದರು. ಬಹಳ ಹೊತ್ತು ಮಾತಿಲ್ಲ. ಆಮೇಲೆ, "ನಡುಕ ಇದೆ. ಆದ್ರೆ ಯಾಕೋ ಜಾಸ್ತಿ ಹೊಳೀತಿದೆ ಅಲ್ವಾ?" ಅಂದರು. ನಿಜವೇ. ಕೊಳೆ ಹೋದ ಮೇಲೆ ತಾರಕ ಸ್ವರಗಳು ವಾಪಸ್ ಬಂದಿದ್ದವು. ಅವರ ಕಿವಿ ಆ ಮಬ್ಬಿಗೇ ಒಗ್ಗಿಹೋಗಿತ್ತು.

"ಹಳೇ ಟೇಪ್ ಬಿಸಾಕಿದ್ಯಾ?"

"ಇಲ್ಲ ಸರ್, ಇಟ್ಟಿದೀನಿ."

ಹಾಕಿಕೊಟ್ಟೆ. ಮಬ್ಬು ಪೂರ್ತಿ ಬರಲಿಲ್ಲ, ಆದರೂ ದನಿ ಸ್ವಲ್ಪ ಮಾಗಿತು. ಕಣ್ಣು ಮುಚ್ಚಿ ಒಂದು ಹಾಡಿನಷ್ಟು ಹೊತ್ತು ನುಡಿಸಿದರು. ನಿಲ್ಲಿಸಿ, "ಇದು ಓಡಿದ್ರೆ ಹೆಡ್ ಮತ್ತೆ ಕೊಳೆಯಾಗುತ್ತೆ, ಅಲ್ವಾ?" ಅಂತ ಕೇಳಿದರು. ಹೌದು ಅಂದೆ.

ಅವರೇ ಟೇಪನ್ನು ಮೆಲ್ಲಗೆ ಬಿಡಿಸಿದರು. ನಾನು ಹೊಸದನ್ನು ಹಾಕುವಷ್ಟರಲ್ಲಿ ಹಳೆಯದನ್ನು ಬೆರಳಿಗೆ ಸುತ್ತಿ, ಒಂದು ಕವರ್ ಕೇಳಿ ತಗೊಂಡು, ಅಂಗಿಯ ಜೇಬಿನಲ್ಲಿ ಇಟ್ಟುಕೊಂಡರು.