ನೆರವು ಕೊನೆಯ ಜೆಟ್ಟಿ ದಾಟಿತೇ?

ಸಾಗರ, 9 ಆಗಸ್ಟ್ 2025, ಶನಿವಾರ

ಬೆಳಿಗ್ಗೆಯಿಂದ ಜಡಿಮಳೆ. ಇಲ್ಲಿನ ಪರಿಹಾರ ಕಾರ್ಯಕರ್ತರ ತರಬೇತಿಗೆ ದ್ವೀಪ ದೇಶಗಳ ಪಾಠ ಬರೆದದ್ದಾಯಿತು. ವಿದೇಶಿ ನೆರವಿನ ಮೌಲ್ಯಮಾಪನ ಅಂದರೆ ಎಷ್ಟು ಟನ್ ಬಂತು ಅಂತ ಕೂಡಿಸುವುದಲ್ಲ. ಆ ಲೆಕ್ಕ ಕಳಿಸಿದವರದು. ಮನೆಗೆ ಏನು ಮುಟ್ಟಿತು, ಯಾವತ್ತು ಮುಟ್ಟಿತು ಅನ್ನುವುದೇ ನಮ್ಮ ಲೆಕ್ಕ.

2015ರ ಮಾರ್ಚ್‌ನಲ್ಲಿ ಪ್ಯಾಮ್ ಚಂಡಮಾರುತ ಬಡಿದ ಮೇಲೆ ಪೆಸಿಫಿಕ್ ಸಾಗರದ ದ್ವೀಪ ದೇಶ ವನುವಾಟುವಿಗೆ ಯಾರೂ ಕೇಳದ ಸಾಮಾನು 70ಕ್ಕೂ ಹೆಚ್ಚು ಕಂಟೇನರ್ ಬಂತು. ಸೆಕೆಯ ನಾಡಿಗೆ ದಪ್ಪ ಕಂಬಳಿ, ಹೈ ಹೀಲ್ಸ್, ಅವಧಿ ಮುಗಿದ ಆಹಾರ. ಎಷ್ಟೋ ಪೆಟ್ಟಿಗೆ ತಿಂಗಳುಗಟ್ಟಲೆ ಬಂದರಿನಲ್ಲೇ ಕೂತು ಬಾಡಿಗೆ ಏರಿಸಿದವು. ಒಳಗೇನಿದೆ, ಯಾರಿಗೆ ಅಂತ ಪಟ್ಟಿ ಇಲ್ಲದಿದ್ದರೆ ಕಸ್ಟಮ್ಸ್ ಬಿಡುವುದಿಲ್ಲ. ಬೇಡದ ಸರಕು ಬೇಕಾದದ್ದರ ಜಾಗವನ್ನೂ ತಿನ್ನುತ್ತದೆ. ಶರಾವತಿ ಹಿನ್ನೀರಿನಾಚೆಯ ತುಮರಿ ಕಡೆಯವರಿಗೆ, ಸಾಗಿಸುವ ಜಾಗ ಕಡಿಮೆಯಾದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ. ಹೋದ ತಿಂಗಳು ಸೇತುವೆ ತೆರೆಯುವ ತನಕ, ಬೇಸಿಗೆಯಲ್ಲಿ ಹಿನ್ನೀರು ಇಳಿದರೆ ಲಾಂಚು ವಾಹನ ಹತ್ತಿಸುತ್ತಿರಲಿಲ್ಲ.

ಹಾಗಾಗಿ ಪ್ರತಿ ಸರಕಿಗೂ ನಾಲ್ಕು ತಾರೀಖು ಹಿಡಿಯಿರಿ: ಹಡಗಿನಿಂದ ಇಳಿದದ್ದು, ಕಸ್ಟಮ್ಸ್ ಬಿಟ್ಟದ್ದು, ಹೊರ ದ್ವೀಪದ ದೋಣಿ ಹತ್ತಿದ್ದು, ಮನೆಯವರ ಕೈ ಸೇರಿದ್ದು. ಎಲ್ಲಿ ಅಂತರ ಹಿಗ್ಗಿದೆಯೋ ಅಲ್ಲಿ ಕಾರಣ ಕೇಳಿ. ತಡವೆಲ್ಲ ತಪ್ಪಲ್ಲ. 2022ರ ಜನವರಿಯಲ್ಲಿ ಜ್ವಾಲಾಮುಖಿ ಸಿಡಿದಾಗ ಪೆಸಿಫಿಕ್‌ನ ಇನ್ನೊಂದು ದ್ವೀಪ ದೇಶ ಟೊಂಗಾದಲ್ಲಿ ಕೋವಿಡ್ ಹರಡಿರಲಿಲ್ಲ; ಬಂದ ಸಾಮಾನನ್ನು 72 ಗಂಟೆ ಮುಟ್ಟದೆ ಇಟ್ಟದ್ದು ಅವರು ತಿಳಿದೇ ತೆಗೆದುಕೊಂಡ ನಿರ್ಧಾರ. ಅದನ್ನು ವೈಫಲ್ಯದ ಪಟ್ಟಿಗೆ ಸೇರಿಸುವುದು ಅನ್ಯಾಯ.

ಟಾರ್ಪಾಲು ಎಣಿಸಿ ಸುಮ್ಮನಾಗಬೇಡಿ. 4×6 ಮೀಟರಿನ ಹಾಳೆ ನೆಲಕ್ಕೆ ಹಾಸಿದರೆ 24 ಚದರ ಮೀಟರ್. ಪರಿಹಾರ ಸಂಸ್ಥೆಗಳು ಪಾಲಿಸುವ ಸ್ಫಿಯರ್ ಮಾನದಂಡದ, ತಲೆಗೆ 3.5 ಚದರ ಮೀಟರ್ ಲೆಕ್ಕದಂತೆ ಐದು ಜನರಿಗೆ 17.5 ಸಾಕು. ಆದರೆ ಮಳೆನೀರು ಜಾರಲು ಇಳಿಜಾರು ಕೊಟ್ಟು, ಪಕ್ಕಕ್ಕೂ ಇಳಿಬಿಟ್ಟರೆ ಅಷ್ಟು ಉಳಿಯುವುದಿಲ್ಲ. ಜೊತೆಗೆ ಹಗ್ಗ, ಮೊಳೆ ಬಂತೇ? ಇಲ್ಲವಾದರೆ ಜನ ತಂತಿ ಕಟ್ಟುತ್ತಾರೆ, ಗಾಳಿಗೆ ಮೊದಲು ಹರಿಯುವುದು ಹಗ್ಗ ಪೋಣಿಸುವ ಕಣ್ಣುಬಳೆಯ ಮೂಲೆ. ಆ ಮೂಲೆಯನ್ನೇ ಕೈಯಲ್ಲಿ ಹಿಡಿದು ನೋಡಿ.

ನೀರಿಗೆ ಕನಿಷ್ಠ ದಿನಕ್ಕೆ ತಲೆಗೆ 15 ಲೀಟರ್. ನೀರಿನ ಕ್ಲೋರಿನ್ ಪರೀಕ್ಷೆಯನ್ನು ಟ್ಯಾಂಕರಿನ ನಲ್ಲಿಯಲ್ಲಷ್ಟೇ ಅಲ್ಲ, ಅಡುಗೆಮನೆಯ ಕೊಡದಲ್ಲೂ ಮಾಡಿ. 10 ಮಿಲಿಲೀಟರಿಗೆ ಒಂದು ಡಿಪಿಡಿ ಮಾತ್ರೆ. ಕ್ಲೋರಿನ್ ಇದ್ದರೆ ಗುಲಾಬಿ ಬಣ್ಣ. ಲೀಟರಿಗೆ 0.2ರಿಂದ 0.5 ಮಿಲಿಗ್ರಾಂ ಉಳಿದಿರಬೇಕು. ನಲ್ಲಿಯಲ್ಲಿ 0.5 ಇದ್ದು ಕೊಡದಲ್ಲಿ ಬಣ್ಣವೇ ಬಾರದಿದ್ದರೆ ಮೊದಲು ಪಾತ್ರೆ ನೋಡಿ: ಮುಚ್ಚಳವಿಲ್ಲ, ಒಳಗೆ ಪಾಚಿ, ಅಥವಾ ನೀರು ಹಳತು. ಆಗ ಇನ್ನೊಂದು ಟ್ಯಾಂಕರ್ ಕಳಿಸಿ ಫಲವಿಲ್ಲ, ಮುಚ್ಚಳದ ಕ್ಯಾನ್ ಕೊಡಬೇಕು. ಟೊಂಗಾದಲ್ಲಿ ಬೂದಿ ಬಿದ್ದದ್ದು ಮಳೆನೀರು ಹಿಡಿಯುವ ಮಾಡಿನ ಮೇಲೆ. ಅಂಥಲ್ಲಿ ಬಾಟಲಿ ಎಷ್ಟು ಹಂಚಿದರು ಅನ್ನುವುದರ ಜೊತೆಗೆ ಇದನ್ನೂ ಕೇಳಿ: ಮಾಡಿನ ನೀರನ್ನು ಟ್ಯಾಂಕಿಗೆ ಇಳಿಸುವ ಪೈಪನ್ನು ಮುಂದಿನ ಮಳೆಗೆ ಮುಂಚೆ ಬಿಚ್ಚಿಟ್ಟು, ಮಾಡು ತೊಳೆದ ಮೇಲೆ ಮತ್ತೆ ಜೋಡಿಸಿದರೇ?