ಮನೆಯಲ್ಲೇ ಡೂಪ್ಲಿಕೇಟ್ ಬ್ರಿಜ್: ಎರಡನೇ ಟೇಬಲ್ ಬಂತು

ನಮ್ಮ ಭಾನುವಾರದ ಬ್ರಿಜ್ ಇಸ್ಪೀಟಾಟ ಕೊನೆಗೂ ಡೂಪ್ಲಿಕೇಟ್‌ವರೆಗೆ ಬಂದಿದೆ, ಅಂದರೆ ಒಂದೇ ಹಂಚಿಕೆಯನ್ನು ಎರಡು ಕಡೆ ಆಡಿ ಹೋಲಿಸುವ ಆಟದವರೆಗೆ. ಎರಡು ಟೇಬಲ್, ಎಂಟು ಜನ, ಎರಡೂ ಕಡೆ ಅದೇ ಎಲೆಗಳು.

ಶುರು ಮಾಡಿದ್ದು ಮಿನಿಬ್ರಿಜ್‌ನಿಂದ, ಅದು ಬ್ರಿಜ್‌ನ ಸರಳ ರೂಪ. ನಮ್ಮಲ್ಲಿ ಹೆಚ್ಚಿನವರು ಇಪ್ಪತ್ತೆಂಟು ಅನ್ನುವ ಇಸ್ಪೀಟಾಟ ಆಡಿ ಬೆಳೆದವರು. ತುರುಪು ಗೊತ್ತು, ಜೋಡಿಯಾಗಿ ಆಡುವುದೂ ಗೊತ್ತು. ಆದರೆ ಅಲ್ಲಿ ಗುಲಾಮನೇ ದೊಡ್ಡವನು. ಇಲ್ಲಿ ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ ಬರೀ 1. ಮಿನಿಬ್ರಿಜ್‌ನಲ್ಲಿ ಬಿಡ್ಡಿಂಗ್ ಇಲ್ಲ, ಅಂದರೆ ಎಷ್ಟು ಟ್ರಿಕ್ (ಎಲೆಗಳ ಸುತ್ತು) ಗೆಲ್ಲುತ್ತೇವೆ ಅಂತ ಸರದಿಯಲ್ಲಿ ಕೂಗುವುದು ಇಲ್ಲ. ಎಲ್ಲರೂ ತಮ್ಮ ಪಾಯಿಂಟ್ ಹೇಳುತ್ತಾರೆ, ಒಟ್ಟು 40. ಜಾಸ್ತಿ ಇರುವ ಜೋಡಿಯದ್ದು ಆಟ. ಆಡುವವರು ಡಮ್ಮಿಯ (ಎಲೆ ತೆರೆದಿಟ್ಟು ಸುಮ್ಮನೆ ಕೂರುವ ಪಾರ್ಟ್ನರ್) ಎಲೆ ನೋಡಿಯೇ ತುರುಪು ಆರಿಸುತ್ತಾರೆ. ಹೀಗೆ ಆಡುತ್ತಾ, ಇಬ್ಬರದ್ದೂ ಸೇರಿ 25ರ ಹತ್ತಿರ ಇದ್ದರೆ ಗೇಮ್‌ಗೆ (ದೊಡ್ಡ ಬೋನಸ್ ಸಿಗುವ ಗುರಿಗೆ) ಹೋಗಬಹುದು ಅನ್ನುವ ಅಂದಾಜು ತಾನಾಗೇ ಬಂತು. ಹೊಸಬರಿಗೆ ಮೊದಲ ದಿನವೇ ಬಿಡ್ಡಿಂಗ್ ಪಟ್ಟಿ ಕೊಡಬೇಡಿ ಅಂತ ಇದರಿಂದಲೇ ಹೇಳುತ್ತೇನೆ.

ಆಮೇಲೆ ಚಿಕಾಗೊ ಅನ್ನುವ ಬ್ರಿಜ್. ರಬ್ಬರ್ ಬ್ರಿಜ್ ಯಾವಾಗ ಮುಗಿಯುತ್ತೆ ಅಂತ ಹೇಳೋಕಾಗಲ್ಲ, ಒಂದು ಜೋಡಿ ಎರಡು ಗೇಮ್ ಗೆಲ್ಲಲೇಬೇಕು. ಚಿಕಾಗೊ ನಾಲ್ಕೇ ಹಂಚಿಕೆ. ಮೊದಲನೆಯದರಲ್ಲಿ ಯಾರೂ ವಲ್ನರಬಲ್ (ಬೋನಸ್ಸೂ ದಂಡವೂ ಹೆಚ್ಚಿರುವ ಸ್ಥಿತಿ) ಅಲ್ಲ, ಎರಡು ಮತ್ತು ಮೂರರಲ್ಲಿ ಹಂಚಿದ ಜೋಡಿ, ನಾಲ್ಕರಲ್ಲಿ ಎರಡೂ ಜೋಡಿ. ಊಟಕ್ಕೆ ಮುಂಚೆ ಆರಾಮಾಗಿ ಮುಗಿಯುತ್ತೆ. ಇಬ್ಬರೇ ಇದ್ದ ಸಂಜೆ ಹನಿಮೂನ್ ಬ್ರಿಜ್ ಕೂಡ ಆಡಿದೆವು. ಸಮಯ ಕಳೆಯೋಕೆ ಚೆನ್ನಾಗಿದೆ, ಆದರೆ ಪಾರ್ಟ್ನರ್ ಇಲ್ಲದ ಬ್ರಿಜ್ ನನಗೆ ರುಚಿಸಲಿಲ್ಲ.

ಡೂಪ್ಲಿಕೇಟ್‌ಗೆ ಬೋರ್ಡು ಬೇಕು, ಹಂಚಿದ ನಾಲ್ವರ ಎಲೆಗಳನ್ನು ಬೇರೆಬೇರೆಯಾಗಿ ಇಟ್ಟು ಸಾಗಿಸೋಕೆ. ಹಳೆಯ ಮದುವೆ ಕರೆಯೋಲೆಗಳ ಲಕೋಟೆ ನಾಲ್ಕು ನಾಲ್ಕನ್ನು ರಟ್ಟಿಗೆ ಅಂಟಿಸಿದೆ. ಮೇಲೆ ದಿಕ್ಕು, ಹಂಚುವವರು, ವಲ್ನರಬಲ್ ಯಾರು ಅಂತ ಬರೆದೆ. ಒಂದೊಂದು ಬೋರ್ಡಿಗೂ ಒಂದೊಂದು ಪ್ಯಾಕ್. ಎಲೆಯನ್ನು ಮಧ್ಯಕ್ಕೆ ಎಸೆಯುವ ಹಾಗಿಲ್ಲ. ಅವರವರ ಮುಂದೆಯೇ ಮಗುಚಿ ಇಡಬೇಕು, ಗೆದ್ದರೆ ಉದ್ದಕ್ಕೆ, ಸೋತರೆ ಅಡ್ಡಕ್ಕೆ. ಆಟ ಮುಗಿದ ಮೇಲೆ ಅದೇ 13 ಎಲೆ ಲಕೋಟೆಗೆ ವಾಪಸ್, ಬೋರ್ಡು ಪಕ್ಕದ ಟೇಬಲ್‌ಗೆ. ನಮ್ಮ ತಂಡದ ಒಂದು ಜೋಡಿ ಇಲ್ಲಿ ಉತ್ತರ-ದಕ್ಷಿಣ ಕೂತರೆ, ಇನ್ನೊಂದು ಜೋಡಿ ಅಲ್ಲಿ ಪೂರ್ವ-ಪಶ್ಚಿಮ.

ಕಳೆದ ವಾರದ ಒಂದು ಬೋರ್ಡು ಇನ್ನೂ ತಲೆಯಲ್ಲಿದೆ. ನಾವು ವಲ್ನರಬಲ್. ಇಲ್ಲಿ ನಾಲ್ಕು ಆಟಿನ್ (ಆಟಿನ್ ತುರುಪು, ಆರರ ಮೇಲೆ ನಾಲ್ಕು ಟ್ರಿಕ್) ಹೇಳಿ ಹತ್ತು ಟ್ರಿಕ್ ಹಿಡಿದೆವು, 620. ಅಲ್ಲಿ ಎದುರಾಳಿಗಳೂ ಅದೇ ಎಲೆಗಳಲ್ಲಿ ಹತ್ತೇ ಟ್ರಿಕ್ ಹಿಡಿದರು. ಆದರೆ ಹೇಳಿದ್ದು ಮೂರು ಆಟಿನ್, ಹಾಗಾಗಿ ಗೇಮ್ ಬೋನಸ್ ಇಲ್ಲ, ಸಿಕ್ಕಿದ್ದು 170. ವ್ಯತ್ಯಾಸ 450, ಅಂದರೆ ನಮಗೆ 10 ಐಎಂಪಿ (ಅಂಕಗಳ ವ್ಯತ್ಯಾಸವನ್ನು ಚಿಕ್ಕ ಸಂಖ್ಯೆಗೆ ಇಳಿಸುವ ಪಾಯಿಂಟ್). ಎಲೆ ಚೆನ್ನಾಗಿ ಬಂತು ಅಂತ ಯಾರೂ ಹೇಳುವಂತಿಲ್ಲ, ಅಲ್ವಾ? ಇದಕ್ಕೇ ನನಗೆ ಡೂಪ್ಲಿಕೇಟ್ ಉಳಿದೆಲ್ಲಕ್ಕಿಂತ ಮೇಲು. ಕೆಟ್ಟ ಎಲೆ ಬಂದವರೂ ಒಳ್ಳೆಯ ಡಿಫೆನ್ಸ್‌ನಿಂದ ಗೆಲ್ಲಬಹುದು.

ಮುಂದಿನದು ಮ್ಯಾಚ್‌ಪಾಯಿಂಟ್, ಜೋಡಿಗಳ ಆಟ. ಎಷ್ಟು ಅಂಕದಿಂದ ಗೆದ್ದೆವು ಅನ್ನೋದಲ್ಲ, ಎಷ್ಟು ಜೋಡಿಗಳನ್ನು ಹಿಂದೆ ಹಾಕಿದೆವು ಅನ್ನೋದೇ ಲೆಕ್ಕ. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಪ್ರಣಬ್ ಬರ್ಧನ್ ಮತ್ತು ಶಿಬ್‌ನಾಥ್ ಸರ್ಕಾರ್ ಭಾರತಕ್ಕೆ ಚಿನ್ನ ತಂದಿದ್ದು ಪುರುಷರ ಜೋಡಿ ವಿಭಾಗದಲ್ಲೇ. ಮ್ಯಾಚ್‌ಪಾಯಿಂಟ್‌ನಲ್ಲಿ 420ಕ್ಕೂ 450ಕ್ಕೂ ಭಾರೀ ಅಂತರ. ಐಎಂಪಿಯಲ್ಲಿ ಆ 30ಕ್ಕೆ ಸಿಗುವುದು ಬರೀ 1. ಹಾಗಾಗಿ ಒಂದು ಹೆಚ್ಚಿನ ಟ್ರಿಕ್‌ಗೂ ಹೋರಾಡಬೇಕು. ಇದಕ್ಕೆ ಮೂರನೇ ಟೇಬಲ್ ಇದ್ದರೆ ಒಳ್ಳೆಯದು. ಎದುರು ಮನೆಯ ದಂಪತಿ ಮಿನಿಬ್ರಿಜ್ ಶುರು ಮಾಡಿದ್ದಾರೆ, ಇನ್ನಿಬ್ಬರು ಬೇಕು.